ಗ್ರೀಕ್ ಅಕ್ಷರಗಳನ್ನೂ ತಿದ್ದಿಸೋಣ

ಕಳೆದ ದಸರೆಯ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ, ಲೆಕ್ಕದಲ್ಲಿ ಒಳ್ಳೆಯ ಅಂಕ ತೆಗೆದುಕೊಂಡು, ಈಗ ಇಂಗ್ಲಿಷಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿರುವ ಹುಡುಗ. ಅವನ ಕೈಯಲ್ಲಿ ಭೌತಶಾಸ್ತ್ರದ ಉತ್ತರ ಪತ್ರಿಕೆಯಿತ್ತು. ದ್ರವದ ಒತ್ತಡದ ಮೇಲೊಂದು ಲೆಕ್ಕ. ಸೂತ್ರ ಅವನಿಗೆ ಬಾಯಿಪಾಠವಾಗಿತ್ತು: ಒತ್ತಡವೆಂದರೆ ಆಳ, ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಈ ಮೂರರ ಗುಣಲಬ್ಧ. ಒತ್ತಡಕ್ಕೆ ಇಂಗ್ಲಿಷಿನ ಪಿ ಅಕ್ಷರ, ಸಾಂದ್ರತೆಗೆ ಗ್ರೀಕಿನ ರೋ ಅಕ್ಷರ. ರೋ ಎಂಬುದು ನೋಡಲು ಥೇಟ್ ಪಿ ಇದ್ದ ಹಾಗೆಯೇ ಇರುತ್ತದೆ. ಹುಡುಗ ಎರಡನ್ನೂ ಪಿ ಎಂದೇ ಬರೆದುಕೊಂಡಿದ್ದ, ಪಿ ಎಂದೇ ಓದಿಕೊಂಡಿದ್ದ. ಕೊನೆಗೆ, ಸಮೀಕರಣದ ಎರಡೂ ಬದಿಗೆ ಪಿ ಇದೆಯಲ್ಲ ಎಂದು ಎರಡನ್ನೂ ಹೊಡೆದುಹಾಕಿದ್ದ!

ಆ ಹಾಳೆಯನ್ನು ಅಲ್ಲಿಯ ಉಪನ್ಯಾಸಕರು ತರಗತಿಯಲ್ಲಿ ಎತ್ತಿ ತೋರಿಸಿದರಂತೆ. ಎಲ್ಲರೂ ನಕ್ಕರಂತೆ. ಕನ್ನಡ ಮೀಡಿಯಮ್ಮಿನಿಂದ ಬಂದವನು ಎಂಬ ಮಾತೂ ಬಂತಂತೆ. "ಸಾರ್, ಅದು ಪಿ ಅಲ್ಲ ಅಂತ ನಮಗೆ ಯಾರೂ ಹೇಳಿರಲಿಲ್ಲ" ಎಂದು ಅವನು ತಲೆ ತಗ್ಗಿಸಿ ಹೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಅವನು ಹೇಳಿದ್ದು ನಿಜ. ಹೇಳಬೇಕಾದವರಲ್ಲಿ ನಾನೂ ಒಬ್ಬ.

ಇದು ಗಣಿತದ ಮೇಷ್ಟರ ಕೆಲಸವಲ್ಲವೇ, ಕನ್ನಡ ಪಂಡಿತರಿಗೆ ಇದರ ಉಸಾಬರಿ ಏಕೆ ಎಂದು ಕೇಳಬಹುದು. ಗಣಿತದ ಮೇಷ್ಟರು ಅಕ್ಷರದ ಉಪಯೋಗವನ್ನು ಕಲಿಸುತ್ತಾರೆ. ಅಕ್ಷರವನ್ನು ಅಕ್ಷರವಾಗಿ ಕಲಿಸುವುದು ಭಾಷಾ ಶಿಕ್ಷಕನ ಕಸುಬು. ನಾವು ಒಂದನೆಯ ತರಗತಿಯ ಮಗುವಿಗೆ ಅಕ್ಷರ ಕಲಿಸುವ ಕ್ರಮವನ್ನು ನೆನೆಯಿರಿ. ಎಲ್ಲಿ ಶುರುಮಾಡಬೇಕು, ಯಾವ ಕಡೆಗೆ ತಿರುಗಿಸಬೇಕು ಎಂದು ಕೈ ಹಿಡಿದು ತಿದ್ದಿಸುತ್ತೇವೆ. ಬಾಯಲ್ಲಿ ಹೇಳಿಸುತ್ತೇವೆ. ಅದರ ಹಿಂದಿನದು ಯಾವುದು, ಮುಂದಿನದು ಯಾವುದು ಎಂದು ಒಪ್ಪಿಸಿಕೊಳ್ಳುತ್ತೇವೆ. ಗ್ರೀಕ್ ಅಕ್ಷರಗಳಿಗೆ ನಮ್ಮ ಶಾಲೆಗಳಲ್ಲಿ ಈ ಭಾಗ್ಯ ಎಂದೂ ಬಂದಿಲ್ಲ. ವೃತ್ತದ ಪಾಠದಲ್ಲಿ ಪೈ ಬರುತ್ತದೆ, ತ್ರಿಕೋನಮಿತಿಯಲ್ಲಿ ಥೀಟಾ ಬರುತ್ತದೆ, ವರ್ಗ ಸಮೀಕರಣದ ಮೂಲಗಳಾಗಿ ಆಲ್ಫಾ, ಬೀಟಾ ಬರುತ್ತವೆ, ವಿದ್ಯುತ್ತಿನ ಪಾಠದಲ್ಲಿ ಓಮ್ ಎಂಬ ಅಳತೆಯ ಗುರುತಾಗಿ ದೊಡ್ಡ ಓಮೆಗಾ ಬರುತ್ತದೆ. ಊರಿನ ಹೆಸರು ತಿಳಿಸದೆ ಬಂದಿಳಿದ ನೆಂಟರ ಹಾಗೆ ಒಬ್ಬೊಬ್ಬರಾಗಿ ಬರುತ್ತಾರೆ. ಮಕ್ಕಳು ಅವನ್ನು ಚಿತ್ರದಂತೆ ನೋಡಿ ಬಿಡಿಸುತ್ತಾರೆ. ಚಿತ್ರವಾದ್ದರಿಂದ ಒಬ್ಬೊಬ್ಬರದು ಒಂದೊಂದು ರೀತಿ.

ಈ ಲೇಖನದಲ್ಲಿ ಗ್ರೀಕ್ ಅಕ್ಷರಗಳನ್ನು ಬೇಕೆಂದೇ ಅಚ್ಚು ಹಾಕಿಸಿಲ್ಲ. ವಿದ್ಯಾರ್ಥಿಗಳು ಗಣಿತದ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಇದನ್ನು ಓದಬೇಕೆಂಬುದು ನನ್ನ ಆಸೆ.

ನನ್ನ ಸಲಹೆ ಇಷ್ಟೇ. ಎಂಟನೆಯ ತರಗತಿಯ ಮಕ್ಕಳಿಗೆ ಆರು ಶನಿವಾರ, ದಿನಕ್ಕೊಂದು ಅವಧಿ, ಗ್ರೀಕ್ ವರ್ಣಮಾಲೆಯನ್ನು ತಿದ್ದಿಸಬೇಕು, ಹೇಳಿಸಬೇಕು. ಇರುವುದು ಒಟ್ಟು 24 ಅಕ್ಷರ. ದಿನಕ್ಕೆ ನಾಲ್ಕರಂತೆ ಆರು ದಿನಕ್ಕೆ ಮುಗಿಯುತ್ತದೆ. ಗ್ರೀಕ್ ಭಾಷೆಯನ್ನು ಕಲಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ನನಗೂ ಬರುವುದಿಲ್ಲ.

ಈ ಮಾತನ್ನು ಪೋಷಕರ ಸಭೆಯಲ್ಲಿ ಎತ್ತಿದಾಗ ಹಳ್ಳಿಯಿಂದ ಬಂದಿದ್ದ ತಂದೆಯೊಬ್ಬರು, "ಸಾರ್, ನಾಕು ಭಾಷೆಗೇ ಹುಡುಗ್ರ ತೆಲಿ ತಿರುಗೇತಿ, ಇದೊಂದು ಯಾಕ್ರಿ ಮತ್ತ?" ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದೋನಿ ಸೀಮೆಯ ಕನ್ನಡ ಮಕ್ಕಳಿಗೆ ಲಿಪಿಗಳ ಹೊರೆ ಹೆಚ್ಚು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈ ಕಡೆಗೆ ಸೇರಿದವು. ಅಂದಿನಿಂದ ನಮ್ಮ ಮಕ್ಕಳು ಮನೆಯ ಮಾತಿಗೆ ಕನ್ನಡ ಲಿಪಿ, ಬಸ್ಸಿನ ಹಲಗೆಗೆ ತೆಲುಗು ಲಿಪಿ, ಜೊತೆಗೆ ಹಿಂದಿ, ಇಂಗ್ಲಿಷು ಎಂದು ನಾಲ್ಕು ಬರಹಗಳನ್ನು ಹೊತ್ತಿದ್ದಾರೆ. ಪೇಟೆಯಲ್ಲಿ ಉರ್ದು ಫಲಕಗಳೂ ಕಣ್ಣಿಗೆ ಬೀಳುತ್ತವೆ.

ಆದರೆ ಇದೇ ಸಂಗತಿಯನ್ನು ನಾನು ತಿರುಗಿಸಿ ನೋಡುತ್ತೇನೆ. ನಾನು ಕನ್ನಡ, ತೆಲುಗು ಎರಡರಲ್ಲೂ ಓದಿ ಬಂದವನು. ಒಂದು ಲಿಪಿ ಬಲ್ಲವನಿಗೆ ಎರಡನೆಯದು ಬರುವಾಗ ಏನಾಗುತ್ತದೆ ಎಂದು ಬಲ್ಲೆ. ಅರ್ಧಕ್ಕಿಂತ ಹೆಚ್ಚು ಅಕ್ಷರ ಪರಿಚಿತ ಮುಖಗಳೇ, ತಲೆಕಟ್ಟು ಮಾತ್ರ ಬೇರೆ. ನಮ್ಮಲ್ಲಿ ಅಡ್ಡಗೆರೆಯಾಗಿ ಮಲಗಿದ್ದು ತೆಲುಗಿನಲ್ಲಿ ಸರಿಗುರುತು ಹಾಕಿದ ಹಾಗೆ ನಿಲ್ಲುತ್ತದೆ. ತೊಂದರೆ ಕೊಡುವುದು ಪೂರ್ತಿ ಹೊಸದಾದ ಅಕ್ಷರವಲ್ಲ, ಪರಿಚಯದವನ ಮುಖ ಹೊತ್ತು ಬೇರೆ ಮಾತಾಡುವ ಅಕ್ಷರ. ಎರಡು ಲಿಪಿಯ ನಡುವೆ ಬೆಳೆದ ಮಗುವಿಗೆ ಈ ಎಚ್ಚರ ತಾನಾಗಿ ಬಂದಿರುತ್ತದೆ. ಗ್ರೀಕಿಗೆ ಬೇಕಾದದ್ದು ಇದೇ ಎಚ್ಚರ. ಅಲ್ಲಿ ಪಿಯಂತೆ ಕಾಣುವುದು ರಕಾರ. ಇಂಗ್ಲಿಷಿನ ವಿಯಂತೆ ಕಾಣುವ ನ್ಯೂ ಎಂಬುದು ನಕಾರ. ದೊಡ್ಡಕ್ಷರದಲ್ಲಿ ಎಚ್‌ನಂತೆ ಕಾಣುವುದು ಏಕಾರ, ಎಕ್ಸ್‌ನಂತೆ ಕಾಣುವುದು ಖಕಾರ. ಡಬ್ಲ್ಯುವಿನಂತೆ ಕಾಣುವ ಸಣ್ಣ ಓಮೆಗಾ ದೀರ್ಘ ಓಕಾರ. ಈ ಐದನ್ನು ಹೇಳಿಕೊಟ್ಟಿದ್ದರೆ ಆ ಹುಡುಗ ಪಿಗಳನ್ನು ಹೊಡೆದುಹಾಕುತ್ತಿರಲಿಲ್ಲ. ಬೆಳಕಿನ ಪಾಠದಲ್ಲಿ ವೇಗಕ್ಕೂ ಆವೃತ್ತಿಗೂ ಒಂದೇ ಅಕ್ಷರ ಬರೆದು ಗೊಂದಲ ಮಾಡಿಕೊಳ್ಳುವವರು ಇನ್ನೆಷ್ಟು ಮಂದಿಯೋ.

ಇನ್ನು ಉಚ್ಚಾರಣೆ. ಇಲ್ಲಿ ನಮ್ಮ ಕನ್ನಡಕ್ಕೆ ಒಂದು ಸೌಕರ್ಯವಿದೆ. ಅದನ್ನು ಕಂಡುಕೊಂಡ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಸ್ವರಗಳಲ್ಲಿ ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಸಂಸ್ಕೃತದಲ್ಲಿ ಹ್ರಸ್ವ ಎಕಾರ, ಒಕಾರಗಳಿಲ್ಲ. ಇಂಗ್ಲಿಷಿನಲ್ಲಿ ಆ ಭೇದಕ್ಕೆ ಬೇರೆ ಅಕ್ಷರವಿಲ್ಲ. ಪ್ರಾಚೀನ ಗ್ರೀಕಿನಲ್ಲಿ ಇದೆ! ಎಪ್ಸಿಲಾನ್ ಎಂಬುದು ನಮ್ಮ ಎ, ಈಟಾ ಎಂಬುದು ನಮ್ಮ ಏ, ಒಮಿಕ್ರಾನ್ ಎಂಬುದು ಒ, ಓಮೆಗಾ ಎಂಬುದು ಓ. ಹೆಸರಿನಲ್ಲೇ ಅರ್ಥವಿದೆ. ಒ-ಮಿಕ್ರಾನ್ ಎಂದರೆ ಚಿಕ್ಕ ಒ, ಓ-ಮೆಗಾ ಎಂದರೆ ದೊಡ್ಡ ಓ. ನಾವು ಹ್ರಸ್ವ, ದೀರ್ಘ ಎಂದು ಹೇಳಿದಂತೆಯೇ. ಅಥೆನ್ಸ್ ನಗರದವರಿಗೆ ಮೊದಲು ಈ ಅಕ್ಷರಭೇದ ಇರಲಿಲ್ಲ. ಕ್ರಿಸ್ತಪೂರ್ವ 403ರ ಸುಮಾರಿಗೆ ಅವರು ಅಯೋನಿಯಾದ ವರ್ಣಮಾಲೆಯನ್ನು ಅಧಿಕೃತವಾಗಿ ಒಪ್ಪಿಕೊಂಡ ಮೇಲೆ ದೀರ್ಘಕ್ಕೆ ಬೇರೆ ಅಕ್ಷರ ಬಂತು. ನಮ್ಮ ಹಳೆಯ ಶಾಸನಗಳಲ್ಲೂ ಎ-ಏ, ಒ-ಓ ಭೇದವನ್ನು ಬರಹದಲ್ಲಿ ತೋರಿಸುವ ವಾಡಿಕೆ ಇರಲಿಲ್ಲ, ಓದುವವನು ಸಂದರ್ಭ ನೋಡಿ ತಿಳಿದುಕೊಳ್ಳಬೇಕಿತ್ತು.

ಕೊರೋನಾ ಕಾಲದಲ್ಲಿ, 2021ರ ಮೇ ತಿಂಗಳ ಕೊನೆಯಿಂದ, ವಿಶ್ವ ಆರೋಗ್ಯ ಸಂಸ್ಥೆಯು ವೈರಾಣುವಿನ ರೂಪಾಂತರಗಳಿಗೆ ಗ್ರೀಕ್ ಅಕ್ಷರಗಳ ಹೆಸರಿಡಲು ಶುರುಮಾಡಿತು. ಡೆಲ್ಟಾ ಎಂಬ ಮಾತು ನಮ್ಮ ಕಟ್ಟೆಗಳ ಮೇಲೆ ಕುಳಿತವರ ಬಾಯಲ್ಲೂ ಬಂತು. ಆ ವರ್ಷದ ನವೆಂಬರಿನಲ್ಲಿ ಬಂದದ್ದು ಒಮಿಕ್ರಾನ್. ನಡುವೆ ನ್ಯೂ, ಕ್ಸೈ ಎಂಬ ಎರಡು ಅಕ್ಷರಗಳನ್ನು ಬಿಟ್ಟು ಹಾರಿದರು. ನ್ಯೂ ಎಂದರೆ ಇಂಗ್ಲಿಷಿನಲ್ಲಿ ಹೊಸದು ಎಂದು ಕೇಳಿಸುತ್ತದೆ, ಕ್ಸೈ ಬರೆಯುವ ರೀತಿ ಚೀನಾದ ಒಂದು ಸಾಮಾನ್ಯ ಮನೆತನದ ಹೆಸರಿನಂತಿದೆ ಎಂಬುದು ಕಾರಣ. ಆಗ ಕನ್ನಡ ಪತ್ರಿಕೆಗಳಲ್ಲಿ ಒಮಿಕ್ರಾನ್ ಎಂದೂ ಓಮಿಕ್ರಾನ್ ಎಂದೂ ಎರಡು ಬಗೆಯಲ್ಲಿ ಅಚ್ಚಾಗುತ್ತಿತ್ತು. ಎರಡನೆಯದನ್ನು ಕಂಡಾಗಲೆಲ್ಲ ನನ್ನ ಕೆಂಪು ಮಸಿಯ ಪೆನ್ನು ತಾನಾಗಿ ಏಳುತ್ತಿತ್ತು. ಚಿಕ್ಕ ಒಕಾರ ಎಂಬ ಹೆಸರನ್ನು ದೊಡ್ಡ ಓಕಾರದಿಂದ ಬರೆದರೆ ಹೇಗೆ?

ಮಹಾಪ್ರಾಣಗಳ ಮಾತೂ ಹೀಗೆಯೇ. ಪ್ರಾಚೀನ ಗ್ರೀಕರ ಥೀಟಾ, ಫೈ, ಕೈ ಎಂಬ ಮೂರು ಅಕ್ಷರಗಳು ನಮ್ಮ ಥ, ಫ, ಖ. ಇಂಗ್ಲಿಷ್ ಮಕ್ಕಳಿಗೆ ಇವನ್ನು ಎರಡೆರಡು ಅಕ್ಷರ ಕೂಡಿಸಿ ತೋರಿಸಬೇಕಾಗುತ್ತದೆ, ನಮಗೆ ಸಿದ್ಧವಾಗಿ ಇವೆ. ಇದ್ದರೂ ನಾವು ಬಾಯಲ್ಲಿ ಬಳಸುತ್ತೇವೆಯೇ ಎಂಬುದು ಬೇರೆ ಪ್ರಶ್ನೆ. ನಮ್ಮ ಮಕ್ಕಳು ಕಥೆಯನ್ನು ಕತೆ ಎನ್ನುತ್ತಾರೆ, ಫಲವನ್ನು ಪಲ ಎನ್ನುತ್ತಾರೆ. ತರಗತಿಯಲ್ಲಿ ಒಬ್ಬಳು ಎದ್ದು ಥೀಟಾವನ್ನು ತೀಟಾ ಎಂದಳು. ಕನ್ನಡದ ತೀಟೆ, ತೆಲುಗಿನ ತೀಟ ಎರಡೂ ತುರಿಕೆಯೇ ಆದ್ದರಿಂದ ಇಡೀ ತರಗತಿ ನಕ್ಕಿತು, ಅವಳೂ ನಕ್ಕಳು. ಅಂದಿನಿಂದ ಆ ತರಗತಿಯಲ್ಲಿ ಯಾರೂ ಥಕಾರವನ್ನು ತಪ್ಪಿಲ್ಲ. ಗ್ರೀಕ್ ಅಕ್ಷರದ ನೆಪದಲ್ಲಿ ಕನ್ನಡದ ಮಹಾಪ್ರಾಣ ಸರಿಹೋಗುವುದಾದರೆ ಕನ್ನಡ ಮೇಷ್ಟರಿಗೆ ನಷ್ಟವೇನು?

ಯಾವ ಉಚ್ಚಾರಣೆಯನ್ನು ಕಲಿಸಬೇಕು ಎಂಬಲ್ಲಿ ಭಿನ್ನಾಭಿಪ್ರಾಯವಿದೆ. ನಾವು ಪೈ ಎನ್ನುವುದು ಇಂಗ್ಲಿಷಿನವರ ಬಾಯಿಂದ ಬಂದದ್ದು, ಗ್ರೀಕರಿಗೆ ಅದು ಪೀ. ನಾವು ಬೀಟಾ ಎನ್ನುವುದನ್ನು ಹಿಂದಿನವರು ಬೇಟಾ ಎನ್ನುತ್ತಿದ್ದರು, ಇಂದಿನ ಗ್ರೀಕರು ವೀಟಾ ಎನ್ನುತ್ತಾರೆ. ಈಗಿನ ಗ್ರೀಕಿನಲ್ಲಿ ಒಮಿಕ್ರಾನ್, ಓಮೆಗಾಗಳ ಉಚ್ಚಾರವೂ ಒಂದೇ ಆಗಿಹೋಗಿದೆ. ನನ್ನ ಮಟ್ಟಿಗೆ, ಮಕ್ಕಳು ಕಾಲೇಜಿನಲ್ಲಿ ಕೇಳಲಿರುವ ಪೈ, ಬೀಟಾ, ಥೀಟಾಗಳನ್ನೇ ರೂಢಿ ಮಾಡಿಸುವುದು ಲೇಸು. ಪಾಂಡಿತ್ಯ ತೋರಿಸಲು ಹೋಗಿ ಇನ್ನೊಂದು ಸಲ ನಗೆಗೀಡಾಗುವುದು ಬೇಡ. ಮೂಲದ ಸದ್ದು ಕಿವಿಯ ಮೇಲೊಮ್ಮೆ ಬಿದ್ದಿದ್ದರೆ ಸಾಕು.

ಗ್ರೀಕ್ ಅಕ್ಷರವೆಂದರೆ ಸಮುದ್ರದಾಚೆಯ ಸಾಮಾನು, ಕರ್ನೂಲು ಜಿಲ್ಲೆಯ ನಮಗೂ ಅದಕ್ಕೂ ಎಲ್ಲಿಯ ನಂಟು ಎನ್ನುವವರನ್ನು ನಾನು ಎರ್ರಗುಡಿಗೆ ಕರೆದುಕೊಂಡು ಹೋಗಲು ಸಿದ್ಧ. ಪತ್ತಿಕೊಂಡದಿಂದ ಗುತ್ತಿಯ ಕಡೆಗೆ ಹೋಗುವ ದಾರಿಯಲ್ಲಿ, ಜೊನ್ನಗಿರಿಯ ಹತ್ತಿರ, ನಮ್ಮ ಜಿಲ್ಲೆಯಲ್ಲೇ ಇರುವ ಬಂಡೆಗಳವು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಹದಿನಾಲ್ಕು ಶಿಲಾಶಾಸನಗಳೂ ಲಘು ಶಿಲಾಶಾಸನವೂ ಅಲ್ಲಿವೆ. ಈ ಹದಿನಾಲ್ಕರಲ್ಲಿ ಎರಡನೆಯದು ಅಂತಿಯೋಕನೆಂಬ ಯವನ ಅರಸನನ್ನು ಹೆಸರಿಸುತ್ತದೆ. ಹದಿಮೂರನೆಯದು ಅವನೊಡನೆ ಇನ್ನೂ ನಾಲ್ವರು ಯವನರ ಹೆಸರು ಹೇಳುತ್ತದೆ. ಯವನರೆಂದರೆ ಗ್ರೀಕರು. ಅವರಲ್ಲಿ ಈಜಿಪ್ಟಿನ ತಾಲೆಮಿ ಒಬ್ಬ. ಗ್ರೀಕಿನಲ್ಲಿ ಅವನ ಹೆಸರು ಪಕಾರಕ್ಕೆ ತಕಾರ ಸೇರಿದ ಸದ್ದಿನಿಂದ ಶುರುವಾಗುತ್ತದೆ. ಅದು ನಮ್ಮವರ ನಾಲಿಗೆಗೆ ಒಗ್ಗಲಿಲ್ಲ. ಮುಂದಿನ ಪಕಾರವನ್ನು ಬಿಟ್ಟು ತುರಮಾಯ ಎಂದು ಬರೆಸಿದರು. ನಮ್ಮ ಅಜ್ಜಿಯರು ಸ್ಕೂಲನ್ನು ಇಸ್ಕೂಲು ಮಾಡಿಕೊಂಡ ಹಾಗೆ.

ಅತ್ತ ಕಡೆಯಿಂದಲೂ ಇದೇ ನಡೆದಿದೆ. ಆಫ್ಘಾನಿಸ್ತಾನದ ಕಂದಹಾರಿನಲ್ಲಿ 1958ರಲ್ಲಿ ಅಶೋಕನ ಒಂದು ಶಾಸನ ಸಿಕ್ಕಿತು. ಅದು ಗ್ರೀಕ್ ಮತ್ತು ಅರಮಾಯಿಕ್ ಎರಡು ಭಾಷೆಗಳಲ್ಲಿದೆ. ಪಿಯದಸಿ ಎಂಬ ಅಶೋಕನ ಬಿರುದನ್ನು ಅಲ್ಲಿ ಗ್ರೀಕ್ ಅಕ್ಷರಗಳಲ್ಲಿ ಪಿಯೊದಸ್ಸೇಸ್ ಎಂದು ಕೊರೆದಿದ್ದಾರೆ. ಆ ಹೆಸರಿನ ಮೊದಲ ಅಕ್ಷರ ಯಾವುದು ಗೊತ್ತೇ? ಪೈ. ನಮ್ಮ ಮಕ್ಕಳು 22ರ ಕೆಳಗೆ 7 ಎಂದು ಮಾತ್ರ ಬಲ್ಲ ಅದೇ ಪೈ. ಅದನ್ನು ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣಕ್ಕೆ ಗುರುತಾಗಿ ವಿಲಿಯಂ ಜೋನ್ಸ್ ಎಂಬಾತ ಬಳಸಿದ್ದು 1706ರಲ್ಲಿ, ಅದನ್ನು ಎಲ್ಲೆಡೆ ಹಬ್ಬಿಸಿದವನು ಆಯ್ಲರ್. ಅದಕ್ಕೂ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಅದು ಅಶೋಕನ ಹೆಸರನ್ನು ಹೊತ್ತಿತ್ತು.

ಎರ್ರಗುಡಿಯ ಬಂಡೆಯ ಮೇಲೆ ಇನ್ನೊಂದು ಸ್ವಾರಸ್ಯವಿದೆ. ಅಲ್ಲಿಯ ಲಘು ಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೆ ಹೋದರೆ, ಕೆಲವು ಬಲದಿಂದ ಎಡಕ್ಕೆ ಬರುತ್ತವೆ. ಈ ಬಗೆಯ ಬರಹಕ್ಕೆ ವಿದ್ವಾಂಸರು ಇಟ್ಟಿರುವ ಹೆಸರು ಗ್ರೀಕಿನದು, ಬೂಸ್ಟ್ರೋಫೆಡಾನ್ ಎಂದು. ಉಳುವ ಎತ್ತು ತಿರುಗಿದ ಹಾಗೆ ಎಂದು ಅದರ ಅರ್ಥ. ಅತಿ ಹಳೆಯ ಗ್ರೀಕ್ ಬರಹಗಳೂ ಹೀಗೆ ತಿರುಗುತ್ತಿದ್ದವು, ಸಾಲು ತಿರುಗಿದಾಗ ಅಕ್ಷರವೂ ಕನ್ನಡಿಯಲ್ಲಿ ಕಂಡಂತೆ ಹಿಮ್ಮುಖವಾಗುತ್ತಿತ್ತು. ಈ ಮಾತನ್ನು ಪಟ್ಟಣದ ಮಕ್ಕಳಿಗೆ ವಿವರಿಸಬೇಕು, ನಮ್ಮವರಿಗೆ ಬೇಕಿಲ್ಲ. ಶೇಂಗಾ ಹೊಲದಲ್ಲಿ ಸಾಲು ಹೊಡೆಯುವುದನ್ನು ಕಂಡವರು ಅವರು. ಹೊಲದ್ದೂ ಸಾಲು, ಪುಸ್ತಕದ್ದೂ ಸಾಲು ಎಂದು ನಮ್ಮ ಭಾಷೆಯೇ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದೆ. ಆಲ್ಫಾ ಎಂಬ ಹೆಸರಿನ ಮೂಲವೂ ಎತ್ತೇ. ಗ್ರೀಕರು ಅಕ್ಷರ ಕಲಿತದ್ದು ಫಿನೀಷಿಯರಿಂದ, ಅವರ ಭಾಷೆಯಲ್ಲಿ ಆಲೆಫ್ ಎಂದರೆ ಎತ್ತು. ದೊಡ್ಡ ಆಲ್ಫಾವನ್ನು ತಲೆಕೆಳಗು ಮಾಡಿ ನೋಡಿರಿ, ಕೊಂಬು ಕಾಣುತ್ತವೆ. ಬ್ರಾಹ್ಮಿಯ ಹುಟ್ಟಿನ ಬಗ್ಗೆ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲವಾದರೂ, ಅಶೋಕನ ಥಕಾರ ನಡುವೆ ಚುಕ್ಕೆಯಿಟ್ಟ ವೃತ್ತ, ಹಳೆಯ ಗ್ರೀಕರ ಥೀಟಾ ಕೂಡ ಹಾಗೆ ಚುಕ್ಕೆಯಿಟ್ಟ ವೃತ್ತವಾಗಿ ಕಾಣಸಿಗುತ್ತದೆ.

ಗ್ರೀಕ್ ಅಕ್ಷರಗಳು ಎಲ್ಲವನ್ನೂ ಹಿಡಿದಿಡಬಲ್ಲವು ಎಂದು ನಾನು ಹೊಗಳಲಾರೆ. ಅವುಗಳಲ್ಲಿ ಕನ್ನಡವನ್ನು ಬರೆದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಹಳೆಯ ಪಪೈರಸ್ ಹಾಳೆಯೊಂದರಲ್ಲಿ ಗ್ರೀಕ್ ಪ್ರಹಸನವೊಂದಿದೆ. ಅದು ಅಚ್ಚಾದದ್ದು 1903ರಲ್ಲಿ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಕಾರಿಷಿಯನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಅಣ್ಣ ಬಿಡಿಸಿಕೊಂಡು ಹೋಗುವ ಕಥೆ. ಅಲ್ಲಿಯ ಅರಸನೂ ಅವನ ಜನರೂ ಆಡುವ ಮಾತು ಗ್ರೀಕಲ್ಲ, ಆದರೆ ಅದನ್ನು ಗ್ರೀಕ್ ಅಕ್ಷರಗಳಲ್ಲೇ ಬರೆದಿದೆ. ಅದು ಕನ್ನಡವೆಂದು 1904ರಲ್ಲಿ ಹುಲ್ಟ್ಶ್ ಎಂಬ ಜರ್ಮನ್ ಶಾಸನತಜ್ಞರು ಸೂಚಿಸಿದರು. ಆರ್. ಶಾಮಶಾಸ್ತ್ರಿಗಳೂ, ನಮ್ಮ ಹಾಗೆಯೇ ಗಡಿಯಾಚೆ ಉಳಿದ ಮಂಜೇಶ್ವರದ ಗೋವಿಂದ ಪೈಗಳೂ ಅದನ್ನು ಕನ್ನಡವಾಗಿ ಓದಲು ಶ್ರಮಿಸಿದರು. ತುಳು ಎಂದವರಿದ್ದಾರೆ, ಬರೀ ಅರ್ಥವಿಲ್ಲದ ಗಲಭೆಯ ಮಾತು ಎಂದವರೂ ಇದ್ದಾರೆ. ಒಪ್ಪಂದವಾಗದಿರಲು ಲಿಪಿಯೂ ಒಂದು ಕಾರಣವೆಂದು ನನಗೆ ತೋರುತ್ತದೆ. ಗ್ರೀಕಿನಲ್ಲಿ ಟ-ತ, ಡ-ದ, ಣ-ನ, ಳ-ಲ ಎಂಬ ಭೇದವಿಲ್ಲ. ಚಕಾರವಿಲ್ಲ. ಅ, ಆ ಎರಡಕ್ಕೂ ಒಂದೇ ಆಲ್ಫಾ. ಆ ಜರಡಿಯಲ್ಲಿ ಹಾಯ್ದು ಬಂದ ಕನ್ನಡ ಗುರುತು ಸಿಗುವುದು ಕಷ್ಟ. ಹಳಿಯನ್ನೂ ಹಲಿಯನ್ನೂ ಒಂದೇ ಮಾಡಿ ಓದುವ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದರೆ ಳಕಾರದ ಬೆಲೆ ತಿಳಿದೀತು.

ಇನ್ನು ಬರೆಯುವ ಕ್ರಮವನ್ನು ಚುಟುಕಾಗಿ ಹೇಳುತ್ತೇನೆ, ಉಳಿದದ್ದು ಕಪ್ಪುಹಲಗೆಯ ಮೇಲೆ. ಸಣ್ಣ ಆಲ್ಫಾವನ್ನು ಬಲಗಡೆ ಮೇಲಿನಿಂದ ಶುರುಮಾಡಿ, ಎಡಕ್ಕೆ ಸುತ್ತಿ, ತನ್ನನ್ನೇ ದಾಟಿಸಿ ಬಲಕ್ಕೆ ಕೆಳಗೆ ಬಿಡಬೇಕು, ಮೀನಿನಂತಾಗುತ್ತದೆ. ಬೀಟಾ, ಮ್ಯೂ, ರೋ ಈ ಮೂರನ್ನು ಗೆರೆಯ ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ರೋ ಹೀಗೆ ಕೆಳಗಿನಿಂದ ಒಂದೇ ಎಳೆತದಲ್ಲಿ ಬಂದರೆ ಪಿಯಂತೆ ಕೋನ ಬರುವುದಿಲ್ಲ, ಸೌಟಿನಂತೆ ದುಂಡಗಾಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಅಷ್ಟೇ, ಆದರೆ ಅದು ಕೈಗೆ ಬರಬೇಕು. ಸಿಗ್ಮಾಕ್ಕೆ ಎರಡು ಸಣ್ಣ ರೂಪಗಳಿವೆ, ಪದದ ಕೊನೆಯಲ್ಲಿ ಬಂದಾಗ ಬೇರೆ ವೇಷ. ಒತ್ತಾಗಿ ಒಂದು ರೂಪ, ಅರ್ಕಾವೊತ್ತಾಗಿ ಇನ್ನೊಂದು ರೂಪ ತಾಳುವ ನಮ್ಮ ರಕಾರವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಝೀಟಾ ಮತ್ತು ಕ್ಸೈ ಮಾತ್ರ ಕಾಡುತ್ತವೆ. ನನಗೂ ಕ್ಸೈ ಇನ್ನೂ ನೆಟ್ಟಗೆ ಬರುವುದಿಲ್ಲ. ಹಾವು ತೆವಳಿದಂತೆ ಆಗುತ್ತದೆ.

ಪಾಠ ಮುಗಿಯುವುದಿಲ್ಲ, ಶನಿವಾರದ ಅವಧಿಯನ್ನು ಕೊಡಲಾಗದು ಎಂದು ಗಣಿತದ ಸಹೋದ್ಯೋಗಿಗಳು ಹೇಳಿದರು. ಅವರ ಅವಧಿ ನನಗೆ ಬೇಡ. ಕನ್ನಡದ ಅವಧಿಯಲ್ಲೇ ತೆಗೆದುಕೊಳ್ಳುತ್ತೇನೆ, ವ್ಯಾಕರಣದಲ್ಲಿ ವರ್ಣಮಾಲೆಯ ಪ್ರಕರಣ ಹೇಗೂ ಇದೆ. ಜೂನಿನಲ್ಲಿ ಶಾಲೆ ತೆರೆದ ಮೇಲೆ ಮೊದಲ ಶನಿವಾರ ಆಲ್ಫಾದಿಂದ ಡೆಲ್ಟಾವರೆಗೆ. ಎಂಟನೆಯ ತರಗತಿಯವರು ನಾಲ್ಕು ಗೆರೆಯ ಕಾಪಿ ಪುಸ್ತಕವೊಂದನ್ನೂ ಸೀಸದ ಕಡ್ಡಿಯನ್ನೂ ತರಬೇಕು. ಪೋಷಕರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರೂ ಅಭ್ಯಂತರವಿಲ್ಲ. ದಸರೆಗೆ ಬಂದಿದ್ದ ಆ ಹುಡುಗ ಬೇಸಿಗೆ ರಜೆ ಮುಗಿಯುವ ಮುನ್ನ ಒಂದು ದಿನ ಬಂದು ರೋ ಅಕ್ಷರವನ್ನು ಹಲಗೆಯ ಮೇಲೆ ತಾನೇ ಬರೆದು ತೋರಿಸುತ್ತೇನೆಂದು ಹೇಳಿದ್ದಾನೆ.